ಕಾವಲು ಕುಗ್ಗಿದ ಕರುಳು

ಹಂಪಸಾಗರದ ಸೀಮೆಯಲ್ಲಿ ಕುಡಿಯುವ ನೀರಿನ ಮಾತು ಬಂದರೆ ಮಕರಬ್ಬಿಯ ನೆನಪಾಗುವುದು ಸಹಜ. ನೆರೆಯ ಹೂವಿನಹಡಗಲಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2021ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಕಲುಷಿತ ನೀರಿನಿಂದ ಬಹುಮಂದಿ ವಾಂತಿಭೇದಿಗೆ ತುತ್ತಾದರು. ಆರು ಮಂದಿ ತೀರಿಕೊಂಡರು. ಸರ್ಕಾರ ತನಿಖೆಗೆ ಆಜ್ಞೆ ಮಾಡಿತು. ಕೊಳವೆ ಚರಂಡಿಗಳ ವಿಚಾರ ತನಿಖೆಯ ಪಾಲಿಗಿರಲಿ. ಇಂಥ ಸಂದರ್ಭಗಳಲ್ಲೆಲ್ಲ ವೈದ್ಯಶಾಸ್ತ್ರದ ಮುಂದೆ ಏಳುವ ಪ್ರಶ್ನೆ ಬೇರೆ. ಒಂದೇ ನೀರನ್ನು ಕುಡಿದವರಲ್ಲಿ ಒಬ್ಬನು ಎರಡು ದಿನಕ್ಕೆ ಎದ್ದು ಹೊಲಕ್ಕೆ ಹೋಗುತ್ತಾನೆ, ಇನ್ನೊಬ್ಬನು ಹಾಸಿಗೆಯಿಂದ ಏಳುವುದೇ ಇಲ್ಲ. ಏಕೆ?

ಒಳಹೊಕ್ಕ ರೋಗಾಣುಗಳ ಪ್ರಮಾಣ ಒಂದು ಕಾರಣ. ದೇಹದ ಕಾವಲು ಇನ್ನೊಂದು. ಜಠರದ ಆಮ್ಲವೇ ಮೊದಲ ಬಾಗಿಲು. ಅದನ್ನು ದಾಟಿದ ರೋಗಾಣುವನ್ನು ಕರುಳಿನ ಲೋಳೆ, ಅಲ್ಲಿ ನೆಲೆಸಿದ ನಿರುಪದ್ರವಿ ಸೂಕ್ಷ್ಮಜೀವಿಗಳು, ಕೊನೆಗೆ ಬಿಳಿಯ ರಕ್ತಕಣಗಳು ಎದುರಿಸುತ್ತವೆ. ಎಚ್.ಐ.ವಿ. ಸೋಂಕು ಕರುಳಿನ ಗೋಡೆಯಲ್ಲಿರುವ ಸಿ.ಡಿ.4 ಎಂಬ ಕಣಗಳನ್ನು ಬಹು ಬೇಗ ನಾಶಮಾಡುತ್ತದೆ. ಕ್ಯಾನ್ಸರಿನ ಔಷಧಗಳು ಬಿಳಿಯ ಕಣಗಳ ಸಂಖ್ಯೆಯನ್ನು ತಗ್ಗಿಸುತ್ತವೆ. ಬದಲಿ ಮೂತ್ರಪಿಂಡ ಪಡೆದವರು ನುಂಗುವ ಗುಳಿಗೆಯಂತೂ ಕಾವಲುಗಾರನನ್ನು ಬೇಕೆಂದೇ ಮಂಪರಿನಲ್ಲಿಡುತ್ತದೆ. ಇಲ್ಲವಾದರೆ ಆತ ಹೊಸ ಅಂಗವನ್ನೇ ಕಳ್ಳನೆಂದು ಬಗೆದಾನು! ವೃದ್ಧಾಪ್ಯ, ಮಕ್ಕಳ ಅಪೌಷ್ಟಿಕತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇವೂ ಕಾವಲನ್ನು ಸಡಿಲಿಸುತ್ತವೆ.

ಸಾಲ್ಮೊನೆಲ್ಲ ಎಂಬ ರೋಗಾಣುವನ್ನೇ ನೋಡಿ. ಟೈಫಾಯಿಡ್ ತಾರದ ಅದರ ಬಗೆಗಳು ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಕೆಲವು ದಿನಗಳ ಭೇದಿಯನ್ನಷ್ಟೇ ಕೊಡುತ್ತವೆ. ಕಾವಲಿಲ್ಲದ ಕರುಳಿನಲ್ಲಿ ಅವು ಗೋಡೆಯನ್ನು ದಾಟಿ ರಕ್ತಕ್ಕೆ ಇಳಿಯುತ್ತವೆ. ಆಗ ಭೇದಿಯೇ ಇಲ್ಲದೆ ಬರಿಯ ಜ್ವರ ಕಾಣಬಹುದು. ವಾಸಿಯಾಯಿತೆಂದ ಮೇಲೆ ಮರುಕಳಿಸುವುದೂ ಉಂಟು. ಹೀಗೆ ಮತ್ತೆ ಮತ್ತೆ ರಕ್ತಕ್ಕಿಳಿಯುವುದನ್ನು ಏಡ್ಸ್‌ನ ಕುರುಹುಗಳಲ್ಲಿ ಒಂದೆಂದೇ ಎಣಿಸುತ್ತಾರೆ.

ಇಂಥವರಿಗೆ ಭೇದಿ ಶುರುವಾದೊಡನೆ ಓ.ಆರ್.ಎಸ್. ಕೊಡುತ್ತ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂಗಡಿಯಿಂದ ಭೇದಿ ಕಟ್ಟುವ ಗುಳಿಗೆ ತಂದು ನುಂಗಿಸುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕರ. ಜ್ವರವೋ ರಕ್ತವೋ ಜೊತೆಗಿದ್ದರೆ ಅದು ರೋಗವನ್ನು ಒಳಗೇ ಕೂಡಿಹಾಕೀತು.

ಭಾರತ ಸರ್ಕಾರ 2004ರಿಂದ ಎಚ್.ಐ.ವಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ಕಂಡ ಎಲ್ಲರಿಗೂ ಅದು ಸಲ್ಲುತ್ತದೆ. ತಪ್ಪದೆ ನುಂಗಿದವರಲ್ಲಿ ಕಾವಲು ಬಹುಮಟ್ಟಿಗೆ ಮರಳುತ್ತದೆ. ಆದರೆ ಊರಿನ ಬಾಯಿಗೆ ಹೆದರಿ ಆ ಗುಳಿಗೆಯನ್ನು ವೈದ್ಯರಿಂದಲೂ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ, ಜ್ವರ ಬಂದ ದಿನ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಬೇಕೆಂಬುದು ಆ ವೈದ್ಯರಿಗೆ ಹೊಳೆಯದೆಯೇ ಹೋಗಬಹುದು.