ಸತ್ತಿಲ್ಲ, ಬದುಕಿಯೂ ಇಲ್ಲ!

1701ರ ಸೆಪ್ಟೆಂಬರ್. ಹಾಲೆಂಡಿನ ಡೆಲ್ಫ್ಟ್ ಪಟ್ಟಣ. ಎಪ್ಪತ್ತರ ಹೊಸ್ತಿಲಲ್ಲಿದ್ದ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲ್ಯೂವೆನ್‌ಹುಕ್, ಚಾವಣಿಯ ಮಳೆನೀರು ಹರಿಯುವ ಸೀಸದ ದೋಣಿಯಿಂದ ಒಣಗಿದ ಕೆಸರನ್ನು ಕೆರೆದು ತಂದಿದ್ದಾನೆ. ಬಿಸಿಲಿಗೆ ಕಾದು ಕಾದು ಬರೀ ಧೂಳಾಗಿರುವ ಕೆಸರು. ಅದರಲ್ಲೊಂದು ಚಿಟಿಕೆಯನ್ನು ಗಾಜಿನ ನಳಿಗೆಗೆ ಉದುರಿಸಿ, ಕುದಿಸಿ ಆರಿಸಿದ ಮಳೆನೀರನ್ನು ಮೇಲೆ ಸುರಿಯುತ್ತಾನೆ. ಕುದಿಸಿದ್ದು ಬೇಕೆಂದೇ: ಜೀವಿಗಳು ನೀರಿನಲ್ಲೇ ಇದ್ದವೆಂದು ನಾಳೆ ಯಾರೂ ತಕರಾರು ತೆಗೆಯಬಾರದಲ್ಲ! ಆಮೇಲೆ ತಾನೇ ಉಜ್ಜಿ ಮಾಡಿದ ಮಸೂರಕ್ಕೆ ಕಣ್ಣು ಹಚ್ಚಿ ಕೂತ. ಗಂಟೆ ಕಳೆಯುವ ಹೊತ್ತಿಗೆ ಧೂಳಿನ ಕಣವೊಂದು ಉಬ್ಬಿತು, ಮೈ ಚಾಚಿತು, ತಲೆಯ ಮೇಲಿನ ರೋಮಚಕ್ರಗಳನ್ನು ತಿರುಗಿಸುತ್ತ ಈಜಿಕೊಂಡು ಹೋಯಿತು!

ಅದು ರೋಟಿಫರ್ ಎಂಬ ಜೀವಿ. ಲ್ಯೂವೆನ್‌ಹುಕ್ ಆ ಧೂಳನ್ನು ತಿಂಗಳುಗಟ್ಟಲೆ ಒಣಗಿಸಿಟ್ಟು ಮತ್ತೆ ನೀರು ಹಾಕಿದ. ಮತ್ತೆ ಎದ್ದವು.

ಈಗ ಶಾಲೆಯ ವಿಜ್ಞಾನ ಪುಸ್ತಕವನ್ನು ತೆಗೆಯಿರಿ. ಸಜೀವಿಗಳ ಲಕ್ಷಣಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ: ಚಲನೆ, ಉಸಿರಾಟ, ಆಹಾರ, ವಿಸರ್ಜನೆ, ಬೆಳವಣಿಗೆ, ಪ್ರಚೋದನೆಗೆ ಪ್ರತಿಕ್ರಿಯೆ, ಸಂತಾನ. ಪಟ್ಟಿ ಚೆನ್ನಾಗಿದೆ, ಪರೀಕ್ಷೆಗೆ ಸಾಕು. ಆದರೆ ಬೆಂಕಿಯನ್ನು ತಂದು ಎದುರಿಗಿಟ್ಟರೆ ತೊಂದರೆ ಶುರು. ಬೆಂಕಿ ಕಟ್ಟಿಗೆ ತಿನ್ನುತ್ತದೆ, ಆಮ್ಲಜನಕ ಎಳೆದುಕೊಳ್ಳುತ್ತದೆ, ಬೂದಿ ಬಿಡುತ್ತದೆ, ಬೆಳೆಯುತ್ತದೆ, ಒಂದು ಮನೆಯಿಂದ ಇನ್ನೊಂದಕ್ಕೆ ಹಬ್ಬಿ ಸಂತಾನವನ್ನೂ ಮಾಡುತ್ತದೆ. ಹೇಸರಗತ್ತೆಗೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ಹಾಗೆಂದು ಅದನ್ನು ನಿರ್ಜೀವ ಎನ್ನುವ ಧೈರ್ಯವಿದ್ದವರು ಅದರ ಹಿಂದೆ ಹೋಗಿ ನಿಲ್ಲಲಿ. ನಾಸಾದ ವಿಜ್ಞಾನಿಗಳು 1990ರ ದಶಕದಲ್ಲಿ ಇನ್ನೂ ಬಿಗಿಯಾದ ವ್ಯಾಖ್ಯೆಯೊಂದನ್ನು ಕೊಟ್ಟರು: ತನ್ನನ್ನು ತಾನೇ ನಡೆಸಿಕೊಳ್ಳುವ, ಡಾರ್ವಿನ್ ಹೇಳಿದಂತೆ ವಿಕಾಸವಾಗಬಲ್ಲ ರಾಸಾಯನಿಕ ವ್ಯವಸ್ಥೆಯೇ ಜೀವ. ಸರಿ. ಹಾಗಾದರೆ ಡೆಲ್ಫ್ಟಿನ ಧೂಳು? ಅದು ಏನನ್ನೂ ನಡೆಸಿಕೊಳ್ಳುತ್ತಿರಲಿಲ್ಲ. ಶಾಲೆಯ ಪಟ್ಟಿಯ ಏಳಕ್ಕೆ ಏಳರಲ್ಲೂ ಸೊನ್ನೆ. ಆದರೂ ಈಜಿತು!

ಇದೇ ಗುಂಪಿನ ಮಹಾರಾಜ ನೀರುಕರಡಿ, ಅಂದರೆ ಟಾರ್ಡಿಗ್ರೇಡ್. ಅರ್ಧ ಮಿಲಿಮೀಟರಿನಷ್ಟೂ ಇರದ ದೇಹ, ಎಂಟು ಮೋಟು ಕಾಲು, ತುದಿಯಲ್ಲಿ ಉಗುರು. ಪಾಚಿಯ ಮೇಲಿನ ನೀರಿನ ತೆಳುಪೊರೆಯೇ ಅದಕ್ಕೆ ಸಮುದ್ರ. ಪಾಚಿ ಒಣಗತೊಡಗಿದರೆ ಎಂಟೂ ಕಾಲನ್ನು ಒಳಗೆಳೆದುಕೊಂಡು ಮುದ್ದೆಯಾಗುತ್ತದೆ. ಮೈಯ ನೀರೆಲ್ಲ ಆರಿ ಕೊನೆಗೆ ಶೇಕಡಾ ಮೂರರಷ್ಟು ಉಳಿದರೆ ಹೆಚ್ಚು. ಮುಂದೆ ಗಾಳಿ ಎತ್ತ ಒಯ್ದರೆ ಅತ್ತ.

ಒಳಗೆಲ್ಲೋ ಜೀವ ಮೆಲ್ಲಗೆ ಮಿಣುಗುತ್ತಿರಬೇಕು, ಪೂರ್ತಿ ನಿಂತಿರಲಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ಲ್ಯೂವೆನ್‌ಹುಕ್‌ಗೂ ಹಾಗೇ ಅನ್ನಿಸಿತ್ತು: ಚರ್ಮ ಗಟ್ಟಿಯಿದೆ, ಒಳಗಿನ ತೇವ ಆರಿಲ್ಲ ಅಂತ. ಒಂದೂವರೆ ಶತಮಾನವಾದರೂ ಜಗಳ ತೀರಲಿಲ್ಲ. ಸತ್ತದ್ದು ಎದ್ದು ಬರುತ್ತದೆ ಎನ್ನುವುದು ಯೂರೋಪಿನಲ್ಲಿ ಬರೀ ವಿಜ್ಞಾನದ ಮಾತಾಗಿರಲಿಲ್ಲ. ಇಗರ್ಜಿಯ ಗಂಟೆಯೂ ಅಲ್ಲಾಡುತ್ತಿತ್ತು. ಕೊನೆಗೆ ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘ ಒಂದು ಸಮಿತಿಯನ್ನೇ ನೇಮಿಸಿತು. 1860ರಲ್ಲಿ ಅದರ ವರದಿ ಬರೆದವನು ಪಾಲ್ ಬ್ರೋಕಾ. ಮೆದುಳಿನಲ್ಲಿ ಮಾತಿನ ತಾಣ ಗುರುತಿಸಿ ಮರುವರ್ಷವೇ ಹೆಸರಾದ ಅದೇ ಬ್ರೋಕಾ! ಸಮಿತಿಯವರು ಪಾಚಿಯನ್ನು ನಿರ್ವಾತದಲ್ಲಿಟ್ಟು ಕೈಲಾದಷ್ಟು ಒಣಗಿಸಿದರು, ಆಮೇಲೆ ಅರ್ಧ ಗಂಟೆ 100 ಡಿಗ್ರಿಯಲ್ಲಿ ಕಾಯಿಸಿದರು, ಆಮೇಲೆ ನೀರು ಹಾಕಿದರು. ಪಾಚಿಯೊಳಗಿದ್ದ ಜೀವಿಗಳಲ್ಲಿ ಕೆಲವು ಎದ್ದವು.

ಇಷ್ಟಾದರೂ ಸಂಶಯ ಹೋಗದವರಿಗೆ ಚಳಿಯ ಸಾಕ್ಷಿಯಿದೆ. ಡೆನ್ಮಾರ್ಕಿನ ಒಂದು ಕಟ್ಟಡದ ಮಳೆನೀರಿನ ದೋಣಿಯಿಂದ (ನೋಡಿ, ಮತ್ತೆ ದೋಣಿಯೇ!) ಹಿಡಿದು ತಂದ ನೀರುಕರಡಿಗಳನ್ನು ಭೌತವಿಜ್ಞಾನಿಗಳು ಕ್ವಾಂಟಮ್ ಕಂಪ್ಯೂಟರಿನಲ್ಲಿ ಬಳಸುವಂಥ ವಿದ್ಯುನ್ಮಂಡಲದ ಮೇಲೆ ಕೂರಿಸಿದರು. ವರದಿ ಹೊರಬಂದದ್ದು 2021ರ ಡಿಸೆಂಬರಿನಲ್ಲಿ. ಪರಮ ಶೂನ್ಯ, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಮೇಲಿರದ ತಾಪ, ಜೊತೆಗೆ ನಿರ್ವಾತ. ಹೀಗೆ 420 ಗಂಟೆ. ನೀರುಕರಡಿಯನ್ನು ಕ್ವಾಂಟಮ್ ಬೆಸುಗೆಗೆ (ಎಂಟ್ಯಾಂಗಲ್‌ಮೆಂಟ್) ಸಿಕ್ಕಿಸಿದೆವು ಎಂಬ ಅವರ ಹೆಮ್ಮೆಯ ಮಾತನ್ನು ಹಲವು ಭೌತವಿಜ್ಞಾನಿಗಳೇ ಒಪ್ಪಲಿಲ್ಲ. ನನಗೆ ಆ ಮಾತು ಬೇಡವೂ ಬೇಡ. ಮೂರರಲ್ಲಿ ಒಂದು ಎದ್ದು ನಡೆಯಿತಲ್ಲ, ಅಷ್ಟು ಸಾಕು! ಅಂಥ ಚಳಿಯಲ್ಲಿ ಉಸಿರಾಟ ಎಲ್ಲಿಂದ ಬಂತು, ಚಯಾಪಚಯ ಎಲ್ಲಿಂದ ಬಂತು? ಜೀವದ ರಸಾಯನ ಮೆಲ್ಲಗಾಗಲಿಲ್ಲ, ನಿಂತೇ ಹೋಯಿತು. ಆಮೇಲೆ ಶುರುವಾಯಿತು.

ಒಣಗಿದ್ದಕ್ಕೆ, ಹೆಪ್ಪುಗಟ್ಟಿದ್ದಕ್ಕೆ ಉಳಿಯಿತು ಎನ್ನುವಿರಾ? ಕ್ಯಾಲಿಫೋರ್ನಿಯಾದ ಜೇಮ್ಸ್ ಕ್ಲೆಗ್ ಆ ದಾರಿಯನ್ನೂ ಮುಚ್ಚಿಬಿಟ್ಟರು. ಅವರ ಜೀವಿ ಆರ್ಟೀಮಿಯಾ, ಉಪ್ಪುನೀರಿನ ಪುಟ್ಟ ಸೀಗಡಿ. ಮೀನುಮರಿಗಳಿಗೆ ತಿನ್ನಿಸಲು ಅಕ್ವೇರಿಯಂ ಅಂಗಡಿಗಳಲ್ಲಿ ಇದರ ಒಣ ಭ್ರೂಣಗಳನ್ನು ಡಬ್ಬಿಯಲ್ಲಿ ಮಾರುತ್ತಾರೆ. ನೋಡಲು ಕಂದು ಪುಡಿ, ಅಷ್ಟೆ. ಕ್ಲೆಗ್ ಈ ಭ್ರೂಣಗಳನ್ನು ಪೂರ್ತಿ ನೆನೆಸಿ, ಆಮ್ಲಜನಕದ ಸುಳಿವೇ ಇಲ್ಲದ ನೀರಿನಲ್ಲಿ ಸಾಧಾರಣ ಕೋಣೆಯ ತಾಪದಲ್ಲಿ ಮುಚ್ಚಿಟ್ಟರು. ಒಣಗಿಲ್ಲ, ತಣ್ಣಗಿಲ್ಲ, ಇಂಥ ಕಡೆ ಸಾಮಾನ್ಯವಾಗಿ ಪ್ರಾಣಿಗಳ ಜೀವಕೋಶ ಕೊಳೆತು ನಾರಬೇಕು. ನಾಲ್ಕು ವರ್ಷ ಹಾಗೇ ಇಟ್ಟರು. ಅಳೆಯಬಲ್ಲಂಥ ಯಾವ ಚಯಾಪಚಯವೂ ಕಾಣಲಿಲ್ಲ. ಆಮೇಲೆ ಗಾಳಿ ಕೊಟ್ಟರೆ ಭ್ರೂಣಗಳು ಒಡೆದು ಮರಿಗಳು ಈಜತೊಡಗಿದವು! 1997ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದೆ ಕ್ಲೆಗ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಬದುಕಿರುವುದು ಮತ್ತು ಸತ್ತಿರುವುದು ಎಂಬ ಎರಡೇ ಸ್ಥಿತಿ ಸಾಲದು, ಮೂರನೆಯದೊಂದು ಇದೆ ಎಂದರು. ಅವರಿಗಿಂತ ಮೊದಲೇ, 1959ರಲ್ಲಿ ಕೇಂಬ್ರಿಜ್ಜಿನ ಡೇವಿಡ್ ಕೀಲಿನ್ ಈ ಸ್ಥಿತಿಗೆ ಕ್ರಿಪ್ಟೋಬಯೋಸಿಸ್ ಎಂದು ಹೆಸರಿಟ್ಟಿದ್ದರು.

ಎಲ್ಲವೂ ನಿಂತ ಮೇಲೆ ಅಲ್ಲಿ ಉಳಿಯುವುದೇನು? ನನ್ನನ್ನು ಬೆರಗಾಗಿಸುವುದು ಇದೇ. ಉಳಿಯುವುದು ಜೋಡಣೆ. ಯಾವ ಅಣುವಿನ ಪಕ್ಕ ಯಾವ ಅಣು, ಯಾವ ಪೊರೆ ಎಲ್ಲಿ, ಯಾವ ಪ್ರೋಟೀನ್ ಹೇಗೆ ಮಡಿಚಿಕೊಂಡಿದೆ ಎಂಬ ವಿವರ. ನೀರು ಹೋದರೆ ಸಾಮಾನ್ಯವಾಗಿ ಪೊರೆಗಳು ಒಂದಕ್ಕೊಂದು ಅಂಟಿ ಹರಿಯುತ್ತವೆ, ಪ್ರೋಟೀನುಗಳು ಮಡಿಕೆ ಬಿಚ್ಚಿ ಗಂಟಾಗುತ್ತವೆ. ಈ ಜೀವಿಗಳಲ್ಲಿ ಹಾಗಾಗುವುದಿಲ್ಲ. ನೈಜೀರಿಯಾದ ಬಂಡೆಗುಂಡಿಗಳಲ್ಲಿ ಪಾಲಿಪೆಡಿಲಮ್ ಎಂಬ ನುಸಿಯ ಮರಿಹುಳುವಿದೆ. ಗುಂಡಿಯ ನೀರು ಬತ್ತುತ್ತ ಬಂದಂತೆ ಅದು ಟ್ರಿಹಲೋಸ್ ಎಂಬ ಸಕ್ಕರೆಯನ್ನು ಮೈತುಂಬ ತುಂಬಿಕೊಳ್ಳುತ್ತದೆ. ಒಣತೂಕದ ಐದನೇ ಒಂದು ಪಾಲಿನವರೆಗೂ ಸಕ್ಕರೆಯೇ! ಬೆಲ್ಲದ ಪಾಕ ಆರಿ ಗಾಜಿನಂತಾದಾಗ ಕಡಲೆ ಮಿಠಾಯಿಯೊಳಗಿನ ಒಂದೊಂದು ಕಡಲೆಬೀಜವೂ ಇದ್ದಲ್ಲೇ ಇದ್ದಂತೆಯೇ ಸಿಕ್ಕಿಕೊಳ್ಳುತ್ತದಲ್ಲ, ಅದೇ ಕೆಲಸ ಆ ಮರಿಹುಳುವಿನ ಪ್ರತಿ ಜೀವಕೋಶದಲ್ಲೂ ನಡೆಯುತ್ತದೆ. ಹೀಗೆ ಒಣಗಿದ ಮರಿಹುಳು 17 ವರ್ಷದ ಮೇಲೂ ನೀರು ಬಿದ್ದಾಗ ಎದ್ದದ್ದುಂಟು. ನೀರುಕರಡಿ ಸಕ್ಕರೆಯನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ, ಅದರದು ಬೇರೆಯೇ ಪಾಕ: ಇಂಥದೇ ಎಂಬ ಆಕಾರವಿಲ್ಲದ ವಿಚಿತ್ರ ಪ್ರೋಟೀನುಗಳು. 2017ರಲ್ಲಿ ಥಾಮಸ್ ಬೂತ್‌ಬಿ ಮತ್ತು ಸಂಗಡಿಗರು ತೋರಿಸಿದಂತೆ, ಒಣಗುವಾಗ ಅವೂ ಗಾಜಿನಂತಾಗುತ್ತವೆ.

ಒಂದು ಪ್ರಶ್ನೆ ಮಾತ್ರ ತಲೆ ಕೆಡಿಸುತ್ತದೆ. ನಿಮ್ಮ ಅಂಗೈ ಮೇಲೆ ಎರಡು ಒಣ ನೀರುಕರಡಿಗಳಿವೆ ಎನ್ನಿ. ಒಂದು ಸತ್ತಿದೆ, ಇನ್ನೊಂದು ಸತ್ತಿಲ್ಲ. ಯಾವುದು ಯಾವುದು? ಎರಡೂ ಉಸಿರಾಡುತ್ತಿಲ್ಲ, ಎರಡೂ ಮಿಸುಕುತ್ತಿಲ್ಲ. ನೀರು ಹಾಕಿ ನೋಡುವುದೇ ನೆಚ್ಚಬಹುದಾದ ಪರೀಕ್ಷೆ! ಇಲ್ಲಿ ಜೀವವೆಂದರೆ ಈಗ ನಡೆಯುತ್ತಿರುವುದಲ್ಲ, ನಡೆಯಬಲ್ಲುದು.

ಹಾಗೆಂದು ಇವು ಚಿರಂಜೀವಿಗಳಲ್ಲ. ಇಟಲಿಯ ಮ್ಯೂಸಿಯಮ್ಮಿನಲ್ಲಿದ್ದ 120 ವರ್ಷ ಹಳೆಯ ಪಾಚಿಯಿಂದ ನೀರುಕರಡಿ ಎದ್ದುಬಂತೆಂಬ ಕಥೆಯನ್ನು ಎಲ್ಲರೂ ಬರೆಯುತ್ತಾರೆ. 1948ರ ಮೂಲ ವರದಿಯಲ್ಲಿದ್ದದ್ದು ಒಂದೇ ಒಂದು ಪ್ರಾಣಿಯ ಕಾಲು ಅದುರಿದಂತಾಯಿತು ಎಂಬಷ್ಟೇ. ಅದು ಎದ್ದು ಓಡಾಡಲಿಲ್ಲ. ಒಣಸ್ಥಿತಿಯಲ್ಲಿ ಡಿಎನ್‌ಎ ಎಳೆಗಳು ಮೆಲ್ಲಮೆಲ್ಲಗೆ ತುಂಡಾಗುತ್ತಲೇ ಇರುತ್ತವೆ, ಎದ್ದ ಕೂಡಲೇ ಪ್ರಾಣಿ ಮೊದಲು ಅದರ ರಿಪೇರಿಗೆ ತೊಡಗಬೇಕು. ಮಂಜಿನಲ್ಲಿ ಸವೆತ ಇನ್ನೂ ನಿಧಾನ. ಅಂಟಾರ್ಕ್ಟಿಕಾದ ಪಾಚಿಯಲ್ಲಿ 30 ವರ್ಷ ಹೆಪ್ಪುಗಟ್ಟಿದ್ದ ನೀರುಕರಡಿ ಜಪಾನಿನ ಪ್ರಯೋಗಾಲಯದಲ್ಲಿ ಎದ್ದು ಮೊಟ್ಟೆಯಿಟ್ಟಿತು. ಸೈಬೀರಿಯಾದ ಹೆಪ್ಪುನೆಲದೊಳಗೆ ಸುಮಾರು 24,000 ವರ್ಷ ಇದ್ದ ರೋಟಿಫರ್ ಎದ್ದು ತನ್ನ ವಂಶವನ್ನೂ ಬೆಳೆಸಿತೆಂದು 2021ರಲ್ಲಿ ವರದಿಯಾಯಿತು. ಅದು ಹೆಪ್ಪುಗಟ್ಟಿದಾಗ ಭೂಮಿಯ ಮೇಲೆ ಒಂದೂ ಊರಿರಲಿಲ್ಲ, ಒಂದೂ ಹೊಲವಿರಲಿಲ್ಲ!

ವೈರಸ್ಸಿನ ಕಥೆಯೇನು ಎಂದು ಕೇಳುವವರು ಇದ್ದೇ ಇರುತ್ತಾರೆ. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ಗಿಡದ ವೈರಸ್ಸನ್ನು ಹರಳುಗಟ್ಟಿಸಿ ತೋರಿಸಿದಾಗ ಜಗತ್ತು ದಂಗಾಗಿತ್ತು. ಅದೂ ಬರೀ ಜೋಡಣೆಯೇ. ಆದರೆ ಎಷ್ಟು ನೀರು ಸುರಿದರೂ ಅದು ತಾನಾಗಿ ಎದ್ದು ಕೂರುವುದಿಲ್ಲ, ಇನ್ನೊಬ್ಬರ ಜೀವಕೋಶ ಬೇಕು. ನೀರುಕರಡಿಗೆ ಒಂದು ಹನಿ ಸಾಕು.

ಇಷ್ಟೆಲ್ಲ ನೋಡಲು ಅಂಟಾರ್ಕ್ಟಿಕಾಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ, ಕಾಂಕ್ರೀಟ್ ಗೋಡೆಯ ಪಾಚಿಯಲ್ಲಿ, ಸಂದೀಪ್ ಈಶ್ವರಪ್ಪ ಅವರ ತಂಡಕ್ಕೆ ಕೆಂಗಂದು ಬಣ್ಣದ ನೀರುಕರಡಿಯೊಂದು ಸಿಕ್ಕಿತು. 2020ರಲ್ಲಿ ಅದರ ವಿವರ ಪ್ರಕಟವಾಯಿತು. ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬಳಸುವ ಅತಿನೇರಳೆ ದೀಪದ ಕೆಳಗೆ ಬೇರೆ ಜಾತಿಯ ನೀರುಕರಡಿಗಳು ಸತ್ತವು. ಇದು ಉಳಿದದ್ದಷ್ಟೇ ಅಲ್ಲ, ನೀಲಿಯಾಗಿ ಹೊಳೆಯಿತು! ಮೈಯೊಳಗಿನ ಹೊಳೆಯುವ ಪದಾರ್ಥವೊಂದು ಕೊಲ್ಲುವ ಕಿರಣವನ್ನು ಹೀರಿ ನಿರಪಾಯದ ನೀಲಿ ಬೆಳಕಾಗಿ ಹೊರಹಾಕುತ್ತದೆ. ಆ ಸಾರವನ್ನು ತೆಗೆದು ಬೇರೆ ನೀರುಕರಡಿಗಳಿಗೆ ಬಳಿದರೆ ಅವಕ್ಕೂ ಒಂದಿಷ್ಟು ರಕ್ಷಣೆ ಸಿಕ್ಕಿತು. 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಬೆಂಗಳೂರು ತಳಿಯ ನೀರುಕರಡಿಗಳೂ ಜೊತೆಗೆ ಹಾರಿದವು. ಅಲ್ಲಿ ಅವು ಏಳುತ್ತವೆಯೇ, ಮೊಟ್ಟೆಯಿಡುತ್ತವೆಯೇ, ಯಾವ ಜೀನುಗಳು ಕೆಲಸಕ್ಕೆ ಇಳಿಯುತ್ತವೆ ಎಂಬುದು ಪ್ರಯೋಗದ ವಿಷಯವಾಗಿತ್ತು.

ಒಣಗಿಸಿ ಉಳಿಸುವ ಈ ಪಾಕವಿದ್ಯೆ ನಮ್ಮ ಆಸ್ಪತ್ರೆಗಳ ಕಡೆಗೂ ಹೊರಟಿದೆ. ಹಿಮೋಫೀಲಿಯಾ ರೋಗಿಗಳಿಗೆ ಬೇಕಾದ ರಕ್ತ ಹೆಪ್ಪುಗಟ್ಟಿಸುವ ಎಂಟನೇ ಅಂಶ ಫ್ರಿಜ್ಜಿಲ್ಲದೆ ಬೇಗ ಕೆಡುತ್ತದೆ. ಅದನ್ನು ನೀರುಕರಡಿಯ ಪ್ರೋಟೀನಿನ ಜೊತೆ ಒಣಗಿಸಿದರೆ ಫ್ರಿಜ್ಜಿನ ಹಂಗಿಲ್ಲದೆಯೂ ಕೆಡದಂತೆ ಇಡಬಹುದೆಂದು ಬೂತ್‌ಬಿಯವರ ತಂಡ 2023ರಲ್ಲಿ ತೋರಿಸಿತು. ಜಪಾನಿನವರಂತೂ ಪಾಲಿಪೆಡಿಲಮ್ ನುಸಿಯ ಬಿಡಿ ಜೀವಕೋಶಗಳನ್ನೇ ತಟ್ಟೆಯಲ್ಲಿ ಬೆಳೆಸಿ, ಟ್ರಿಹಲೋಸಿನಲ್ಲಿ ನೆನೆಸಿ ಒಣಗಿಸಿ, ಕೋಣೆಯ ತಾಪದಲ್ಲಿ ಎಂಟು ತಿಂಗಳಿಗೂ ಮೇಲೆ ಇಟ್ಟರು. ಅಲ್ಲಿ ತಲೆಯಿಲ್ಲ, ಕಾಲಿಲ್ಲ, ಪ್ರಾಣಿ ಎಂಬುದೇ ಇಲ್ಲ. ದ್ರವ ಹಾಕಿದ ಮೇಲೆ ಆ ಬಿಡಿ ಕೋಶಗಳೂ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯತೊಡಗಿದವು.