ಚಗಳಿಯ ಹೊಲಿಗೆ, ಬಾಯಿಲ್ಲದ ಪತಂಗ

ಮಲೆನಾಡಿನಲ್ಲಿ ಮಾವಿನ ಮರ ಹತ್ತಿದವರಿಗೆ ಚಗಳಿ ಇರುವೆಯ ಪರಿಚಯ ಮಾಡಿಕೊಡಬೇಕಿಲ್ಲ. ಅದಕ್ಕೆ ಕೊಂಡಿಯಿಲ್ಲ. ಕಚ್ಚಿದ ಜಾಗಕ್ಕೇ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಉರಿ ಅದರದ್ದು. ಆ ಹುಳಿಗಾಗಿಯೇ ಚಗಳಿ ಚಟ್ನಿ ಅರೆಯುವ ನಾವು ದೂರುವಂತಿಲ್ಲ ಬಿಡಿ.

ಅದರ ಗೂಡನ್ನು ಗಮನಿಸಿ: ಹಸಿ ಎಲೆಗಳನ್ನು ಮರದಲ್ಲೇ ಕೂಡಿಸಿ ಹೊಲಿದ ಚೀಲ. ಎರಡು ಎಲೆ ದೂರದೂರ ಇದ್ದರೆ ಇರುವೆಗಳು ಒಂದರ ಸೊಂಟ ಒಂದು ಕಚ್ಚಿ ಸರಪಳಿಯಾಗಿ ಅಂಚುಗಳನ್ನು ಎಳೆದು ತರುತ್ತವೆ. ಅಷ್ಟರಲ್ಲಿ ಒಳಗಿಂದ ಕೆಲವು ಬರುತ್ತವೆ, ದವಡೆಯಲ್ಲಿ ಒಂದೊಂದು ಮರಿಹುಳು. ಮೀಸೆಯಿಂದ ಮೆಲ್ಲಗೆ ತಟ್ಟಿದರೆ ಮರಿಯ ಬಾಯಿಂದ ರೇಷ್ಮೆ ಒಸರುತ್ತದೆ. ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತ ಹೋದಂತೆ ಹೊಲಿಗೆ ಬೀಳುತ್ತದೆ. ಸೂಜಿಯೂ ಮಗುವೇ, ನೂಲಿನ ಉಂಡೆಯೂ ಮಗುವೇ! ಬೇರೆ ಎಷ್ಟೋ ಇರುವೆಗಳ ಮರಿಗಳು ಈ ರೇಷ್ಮೆಯನ್ನು ಮೈಗೆ ಸುತ್ತಿಕೊಂಡು ಅದರೊಳಗೆ ಬೆಳೆಯುತ್ತವೆ. ಚಗಳಿ ಮರಿಗೆ ಆ ಹೊದಿಕೆಯಿಲ್ಲ. ನೂಲೆಲ್ಲ ಮನೆ ಕಟ್ಟಲು ಖರ್ಚಾಗಿರುತ್ತದೆ. ಅದು ಬರಿಮೈಯಲ್ಲೇ ಕೋಶವಾಗುತ್ತದೆ.

ಅಟ್ಲಾಸ್ ಪತಂಗದ ಲೆಕ್ಕವೇ ಬೇರೆ. ಏಷ್ಯಾದ ಮಳೆಕಾಡುಗಳ ಈ ದೈತ್ಯ ರೆಕ್ಕೆ ಬಿಚ್ಚಿದರೆ ಸುಮಾರು 24 ಸೆಂ.ಮೀ. ನಮ್ಮ ಪಶ್ಚಿಮ ಘಟ್ಟದಲ್ಲಿರುವುದು ಅದರ ದಾಯಾದಿ, ಅಟ್ಟಾಕಸ್ ಟ್ಯಾಪ್ರೊಬಾನಿಸ್. ರೆಕ್ಕೆಯ ತುದಿಯಲ್ಲಿ ಹಾವಿನ ತಲೆ ಬರೆದಂತಿರುತ್ತದೆ. ಇದು ಹುಟ್ಟಾ ಒಂಟಿ. ಹುಳುವಾಗಿದ್ದಾಗ ವಾರಗಟ್ಟಲೆ ಎಲೆ ಮುಕ್ಕಿ, ತನ್ನ ರೇಷ್ಮೆಯನ್ನೆಲ್ಲ ತನಗೇ ಸುತ್ತಿಕೊಳ್ಳುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಹಾಗೆ ಇದರ ಗೂಡಿನಿಂದ ಒಂದೇ ಎಳೆ ಬಿಚ್ಚಿ ತೆಗೆಯಲಾಗದು, ಗಟ್ಟಿಯಂತೂ ಹೌದು.

ಗೂಡಿನಿಂದ ಹೊರಬಂದ ಪತಂಗಕ್ಕೆ ಉಣ್ಣುವ ಬಾಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕು. ಹೆಣ್ಣು ಹೆಚ್ಚು ಅಲೆಯದೆ ಗಾಳಿಗೆ ವಾಸನೆ ಬಿಡುತ್ತದೆ. ಗಂಡು ಗರಿಯಂಥ ಮೀಸೆಯಲ್ಲಿ ಅದನ್ನು ಹಿಡಿದು ಕತ್ತಲಲ್ಲಿ ಹಾರಿ ಬರಬೇಕು. ದಾರಿಯಲ್ಲಿ ನಮ್ಮ ಜಗಲಿಯ ದೀಪ ಸಿಕ್ಕಿದರೆ ಅಲ್ಲೇ ಸುತ್ತುತ್ತ ರಾತ್ರಿ ಕಳೆಯುತ್ತದೆ. ಇರುವ ರಾತ್ರಿಗಳೇ ಬೆರಳೆಣಿಕೆಯಷ್ಟು. ಗೋಡೆಯ ಮೇಲೆ ಅದು ಕಂಡರೆ ಫೋಟೊ ಹೊಡೆದುಕೊಳ್ಳಿ, ಬೇಡವೆನ್ನುವುದಿಲ್ಲ. ಆಮೇಲೆ ದೀಪ ಆರಿಸಿ ಮಲಗಿ.