ಎಲುಬು ಕೂಡಿತೆಂದು ಹೆಬ್ಬೆರಳನ್ನು ಮರೆಯಬೇಡಿ
ಎರಡು ವರ್ಷದ ಹಿಂದೆ ಅಂಗಡಿಯ ಮೆಟ್ಟಿಲಲ್ಲಿ ಜಾರಿ ನನ್ನ ಬಲ ಮಣಿಕಟ್ಟು ಮುರಿಯಿತು. ಅಂಗೈ ಕಡೆಯಿಂದ ಕೊಯ್ದು ಲೋಹದ ಪ್ಲೇಟು ಕೂಡಿಸಿದರು. ಎಲುಬು ಚೆನ್ನಾಗಿ ಕೂಡಿತು. ಎಂಟು ತಿಂಗಳ ಮೇಲೆ ನೋಟು ಎಣಿಸುವಾಗ ಮಣಿಕಟ್ಟಿನಲ್ಲಿ ಕರಕರ ಎನ್ನತೊಡಗಿತು. ವಯಸ್ಸಿನ ನೋವೆಂದು ಸುಮ್ಮನಿದ್ದೆ. ಮನೆಯವಳು ಬಿಡದೆ ಡಾಕ್ಟರರ ಬಳಿ ಕಳಿಸಿದಳು.

ಹೆಬ್ಬೆರಳನ್ನು ಮಡಿಸುವ ಸ್ನಾಯುರಜ್ಜು ಪ್ಲೇಟಿನ ಮೇಲೆಯೇ ಹಾಯುತ್ತದೆ. ಪ್ಲೇಟಿನ ಅಂಚು ಎದ್ದಿದ್ದರೆ, ಬಾವಿಯ ಕಲ್ಲಿಗೆ ತಿಕ್ಕಿದ ಹಗ್ಗದಂತೆ ರಜ್ಜು ಸವೆದು ಒಂದು ದಿನ ಹರಿಯಬಹುದು. ಉದ್ದವಾದ ಸ್ಕ್ರೂ ಹಿಂಬದಿಗೆ ಚಾಚಿದರೆ ಬೆರಳನ್ನು ಎತ್ತುವ ರಜ್ಜುಗಳಿಗೂ ಇದೇ ಗತಿ. ಎಕ್ಸ್‌ರೇಯಲ್ಲಿ ಪ್ಲೇಟು ಕಾಣುತ್ತದೆ, ರಜ್ಜು ಕಾಣದು. ಬೆರಳು ಆಡಿಸುತ್ತ ಸೋನೋಗ್ರಾಫಿ ಮಾಡಿದರೆ ತಿಳಿಯುತ್ತದೆ.

ನನ್ನ ರಜ್ಜು ಸವೆದಿತ್ತು, ಹರಿದಿರಲಿಲ್ಲ. ಪ್ಲೇಟು ತೆಗೆಸಿದೆ, ಬೆರಳು ಉಳಿಯಿತು. ಹರಿದಿದ್ದರೆ ಬೇರೆ ರಜ್ಜು ಜೋಡಿಸುವ ದೊಡ್ಡ ಆಪರೇಶನ್ನೇ ಬೇಕಾಗುತ್ತಿತ್ತು.

ವಾಚಕ ಬಂಧುಗಳೇ, ಪ್ಲೇಟು ಹಾಕಿಸಿಕೊಂಡವರು ಹೆಬ್ಬೆರಳ ತುದಿಯನ್ನು ಆಗಾಗ ಮಡಿಸಿ, ಎತ್ತಿ ನೋಡಿಕೊಳ್ಳಿ. ಸದ್ದು, ಬಾವು, ಹೊಸ ನೋವು, ಬಲ ಕುಂದುವುದು ಕಂಡರೆ, ವರ್ಷಗಳು ಕಳೆದಿದ್ದರೂ ಸರಿಯೇ, ತಡಮಾಡದೆ ತೋರಿಸಿ. ಕೆಲವರಿಗೆ ಸೂಚನೆಯಿಲ್ಲದೆಯೂ ಹರಿಯುತ್ತದೆ. ತುದಿ ಮಡಿಯದಿದ್ದರೆ ಅಂದೇ ಹೊರಡಿ.